ನಡೆಯುತ್ತಿರುವ ಆನ್‌ಲೈನ್ ಅಂಗಡಿಯನ್ನು ಕೊಳ್ಳುವ ಮುನ್ನ

ಜತ್ತ ತಾಲೂಕಿನ ಒಬ್ಬ ಹಿರಿಯ ರೈತರು ಈಚೆಗೆ ತಮ್ಮ ಮಗನನ್ನು ಕರೆದುಕೊಂಡು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ನಾಲ್ಕು ಎಕರೆ ದ್ರಾಕ್ಷಿಯ ತೋಟ, ಅದರ ಮಗ್ಗುಲಿಗೆ ಎರಡು ಎಕರೆ ಜೋಳದ ಹೊಲ. ದ್ರಾಕ್ಷಿಯನ್ನು ಒಣಗಿಸಿ ಬೇದಾಣೆ ಮಾಡುವ ಮನೆತನ. ಮಗ ಬಿ.ಕಾಂ. ಓದಿದ್ದಾನೆ. ವಿಜಯಪುರದಲ್ಲಿ ಒಬ್ಬರು ಬೇದಾಣೆ, ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಬಿಳಿಜೋಳ ಇವುಗಳನ್ನು ಆನ್‌ಲೈನ್ ಮೂಲಕ ಮಾರುವ ಅಂಗಡಿಯನ್ನು ಮೂರು ವರ್ಷದಿಂದ ನಡೆಸಿದ್ದಾರಂತೆ. ಅದನ್ನು ಈಗ ೯ ಲಕ್ಷ ರೂಪಾಯಿಗೆ ಕೊಟ್ಟುಬಿಡುವವರಿದ್ದಾರೆ. ಕೊಳ್ಳಬೇಕೆಂದು ಮಗನ ಹಟ. ತಂದೆ ಜೋಳದ ಹೊಲ ಮಾರಿ ಹಣ ಹೊಂದಿಸುವ ವಿಚಾರದಲ್ಲಿದ್ದಾರೆ.

"ನಡದ ಅಂಗಡಿ ಐತ್ರಿ, ಕೊಂಡ ಮರುದಿನದಿಂದ ರೊಕ್ಕ ಬರತೈತಿ ಅಂತಾರ್ರಿ. ಹೊಲ ಮಾರೂದಕ್ಕ ಮೊದಲ ನಿಮ್ಮನ್ನ ಒಂದ ಮಾತ ಕೇಳೂಣು ಅಂತ ಬಂದೇವ್ರಿ," ಎಂದರು ಹಿರಿಯರು.

ಇಂಥ ಪ್ರಶ್ನೆ ನಮ್ಮಲ್ಲಿಗೆ ಬಂದದ್ದು ಇದೇ ಮೊದಲಲ್ಲ. ಅಕ್ಕಲಕೋಟೆಯ ಕಡೆಯಿಂದಲೂ ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದಲೂ ತರುಣರು ಕೇಳಿದ್ದಾರೆ. ಆದ್ದರಿಂದ ಆ ಇಬ್ಬರಿಗೆ ಹೇಳಿದ ಮಾತನ್ನೇ ತುಸು ವಿಸ್ತಾರವಾಗಿ ಇಲ್ಲಿ ಬರೆಯುತ್ತೇವೆ.

ಮೊದಲೇ ಸ್ಪಷ್ಟಪಡಿಸುವದೇನೆಂದರೆ, ನಾವು ಈ ಧಂದೆಯ ವಿರೋಧಿಗಳಲ್ಲ. ತಾಸಗಾಂವದ ಸೌದೆಯಲ್ಲಿ ಬೇದಾಣೆಗೆ ಸಿಕ್ಕುವ ದರಕ್ಕೂ ಪುಣೆಯ ಅಂಗಡಿಯಲ್ಲಿ ಅದೇ ಬೇದಾಣೆ ಅರ್ಧ ಕಿಲೋ ಪೊಟ್ಟಣವಾಗಿ ಕುಳಿತಾಗಿನ ದರಕ್ಕೂ ಇರುವ ಅಂತರವನ್ನು ನಮ್ಮ ರೈತರು ಬಲ್ಲರು. ಆ ಅಂತರದಲ್ಲಿ ನಾಲ್ಕಾಣೆ ಭಾಗವಾದರೂ ಬೆಳೆದವನ ಮನೆಗೆ ಬರಬೇಕೆಂದು ಈ ಪುಟದಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಹಿಂದೆ ವ್ಹಿ.ಪಿ. ಅಂಚೆಯಲ್ಲಿ ಪುಸ್ತಕ, ಗಡಿಯಾರ, ಬೀಜದ ಪುಡಿಕೆ ತರಿಸುತ್ತಿದ್ದೆವು. ಪೋಸ್ಟಮನ್ನನಿಗೆ ಹಣ ಕೊಟ್ಟು ಗಂಟು ಬಿಡಿಸಿಕೊಳ್ಳುತ್ತಿದ್ದೆವು. ಇಂದಿನ ಆನ್‌ಲೈನ್ ಅಂಗಡಿ ಅದರ ಮೊಮ್ಮಗ. ಪಟ್ಟಿಯ ಪುಸ್ತಕದ ಬದಲು ಫೋನಿನ ಪರದೆ, ಪೋಸ್ಟಮನ್ನನ ಬದಲು ಕೊರಿಯರ್ ಹುಡುಗ, ಅಷ್ಟೇ. ಇದರಲ್ಲಿ ಮಾಯೆಯೇನೂ ಇಲ್ಲ. ಆದರೆ ಅಂಗಡಿಯನ್ನು ಹೊಸದಾಗಿ ತೆಗೆಯುವದು ಬೇರೆ, ಇನ್ನೊಬ್ಬನು ನಡೆಸುತ್ತಿರುವದನ್ನು ಹಣ ಕೊಟ್ಟು ಕೊಳ್ಳುವದು ಬೇರೆ. ಎರಡನೆಯದರಲ್ಲಿ ನಾವು ಏನನ್ನು ಕೊಳ್ಳುತ್ತಿದ್ದೇವೆಂಬದೇ ಬಹಳ ಜನರಿಗೆ ತಿಳಿದಿರುವದಿಲ್ಲ.

ಹೊಲ ಕೊಳ್ಳುವಾಗ ಸಾತಬಾರಾ ಉತಾರೆ ತೆಗೆಸುತ್ತೇವೆ. ಯಾರ ಹೆಸರಿದೆ, ಎಷ್ಟು ಆಕಾರ, 'ಇತರ ಹಕ್ಕು' ಎಂಬ ಕಾಲಮಿನಲ್ಲಿ ಸೊಸಾಯಿಟಿಯ ಸಾಲದ ಬೋಜಾ ಇದೆಯೋ ಇಲ್ಲವೋ ಎಲ್ಲವೂ ಒಂದೇ ಕಾಗದದಲ್ಲಿ ಕಾಣುತ್ತದೆ. ಆನ್‌ಲೈನ್ ಅಂಗಡಿಗೆ ಸಾತಬಾರಾ ಇಲ್ಲ. ಅದರ ಹೆಸರು ಒಂದು ಕಡೆ, ಪರವಾನಿಗೆ ಇನ್ನೊಂದು ಕಡೆ, ಗಿರಾಕಿಗಳ ಯಾದಿ ಮತ್ತೊಂದು ಕಡೆ, ಹಣ ಬಂದು ಬೀಳುವ ಬ್ಯಾಂಕ್ ಖಾತೆ ಮಗದೊಂದು ಕಡೆ. ಮಾರುವವನು ಇವೆಲ್ಲವನ್ನೂ ಕೂಡಿಸಿ 'ಅಂಗಡಿ' ಎಂದು ಒಂದೇ ಮಾತಿನಲ್ಲಿ ಹೇಳುತ್ತಾನೆ. ಬಿಡಿಸಿ ನೋಡಿದರೆ ಅರ್ಧಕ್ಕೂ ಹೆಚ್ಚಿನವು ಮಾರಾಟಕ್ಕೆ ಬರತಕ್ಕವೇ ಅಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಿಗೆಯನ್ನೇ ತೆಗೆದುಕೊಳ್ಳಿರಿ. ಚಟ್ನಿಯ ಡಬ್ಬಿಯ ಮೇಲೆ ೧೪ ಅಂಕಿಗಳ ಒಂದು ನಂಬರು ಇರುತ್ತದಲ್ಲ, ಅದು. ೨೦೧೧ರ ನಿಯಮಗಳು ಪರವಾನಿಗೆ ಇದ್ದವನು ತೀರಿಕೊಂಡರೆ ಅವನ ವಾರಸುದಾರರ ಹೆಸರಿಗೆ ಮಾಡಿಕೊಡುವ ಏರ್ಪಾಡನ್ನು ಹೇಳುತ್ತವೆ. ಮಾರಾಟಕ್ಕೆ ಅಂಥ ಸವಲತ್ತು ಇಲ್ಲ. ಕೊಂಡವನು ತನ್ನ ಹೆಸರಿನಲ್ಲಿ, ತನ್ನ ಜಾಗಕ್ಕೆ ಹೊಸದಾಗಿ ತೆಗೆಯಬೇಕು. ಅದು ಬರುವ ತನಕ ಹಳೆಯ ನಂಬರು ಅಂಟಿಸಿದ ಡಬ್ಬಿಗಳನ್ನು ಜತ್ತದಿಂದ ಕಳಿಸುವಂತಿಲ್ಲ.

ಇನ್ನು ಭೌಗೋಲಿಕ ಸಂಕೇತದ ಮಾತು. ಸಾಂಗಲಿಯ ಬೇದಾಣೆಗೂ ಮಂಗಳವೇಢೆಯ ಜೋಳಕ್ಕೂ ಈ ಸಂಕೇತ ಸಿಕ್ಕಿರುವದು ನಮ್ಮ ಭಾಗದ ಹೆಮ್ಮೆ. "ನಮ್ಮ ಅಂಗಡಿಗೆ ಜಿ.ಐ. ಇದೆ" ಎಂದು ಮಾರುವವರು ಹೇಳುವದುಂಟು. ಜಿ.ಐ. ಅಂಗಡಿಗೆ ಇರುವದಿಲ್ಲ, ಊರಿನ ಮಾಲಿಗೆ ಇರುತ್ತದೆ. ಅದನ್ನು ಬಳಸುವ ಅಧಿಕಾರವನ್ನು ಬೆಳೆಗಾರನು ಅರ್ಜಿ ಹಾಕಿ ಪಡೆಯುತ್ತಾನೆ. ೧೯೯೯ರ ಕಾಯ್ದೆಯ ೨೪ನೆಯ ಕಲಮಿನ ಪ್ರಕಾರ ಆ ಹಕ್ಕನ್ನು ಮಾರುವದಕ್ಕಾಗಲಿ ಒತ್ತೆ ಇಡುವದಕ್ಕಾಗಲಿ ಬರುವದಿಲ್ಲ. ತಮಾಷೆಯ ಸಂಗತಿಯೆಂದರೆ, ಜತ್ತದ ಆ ದ್ರಾಕ್ಷಿ ರೈತರು ಅರ್ಜಿ ಹಾಕಿದರೆ ತಮ್ಮ ತೋಟದ ಬಲದ ಮೇಲೆಯೇ ಅದನ್ನು ಪಡೆಯಬಲ್ಲರು. ಇದಕ್ಕೆ ವಿಜಯಪುರದವರಿಗೆ ಹಣ ಕೊಡುವ ಕಾರಣವೇ ಇಲ್ಲ.

ದೊಡ್ಡ ಮಾರಾಟ ತಾಣಗಳಲ್ಲಿಯ ಖಾತೆಯದೂ ಇದೇ ಕಥೆ. ಅಮೆಜಾನದಂಥ ತಾಣಗಳು ಒಬ್ಬ ಮಾರಾಟಗಾರನ ಖಾತೆಯನ್ನು ಇನ್ನೊಬ್ಬನ ಕೈಗೆ ಕೊಡಲು ಒಪ್ಪುವದಿಲ್ಲ. ಖಾತೆ ಪ್ಯಾನ್ ನಂಬರಿಗೂ ಬ್ಯಾಂಕಿಗೂ ಅಂಟಿಕೊಂಡಿರುತ್ತದೆ. "ಪಾಸವರ್ಡ್ ಕೊಟ್ಟುಬಿಡುತ್ತೇನೆ, ನೀವೇ ನಡೆಸಿಕೊಳ್ಳಿರಿ" ಎಂದು ಮಾರುವವನು ಹೇಳಿದರೆ, ಬೇರೆಯವನ ಹೆಸರಿನ ಗಾಡಿಯನ್ನು ಬೇರೆಯವನ ಲೈಸೆನ್ಸಿನಲ್ಲಿ ಓಡಿಸಿದ ಹಾಗಾಯಿತು. ಹಣವೆಲ್ಲ ಹಳೆಯ ಧಣಿಯ ಪ್ಯಾನಿಗೆ ಜಮೆಯಾಗುತ್ತದೆ. ತಾಣದವರಿಗೆ ತಿಳಿದ ದಿನ ಖಾತೆ ಮುಚ್ಚುತ್ತದೆ. ಅಲ್ಲಿ ಕೂಡಿಬಿದ್ದ ನಕ್ಷತ್ರಗಳು, ಹೊಗಳಿಕೆಯ ಮಾತುಗಳು ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಆ ಹೊಗಳಿಕೆಗಳಲ್ಲಿ ನಿಜವಾದ ಗಿರಾಕಿಯವು ಎಷ್ಟು, ಅಳಿಯ-ಮೈದುನರವು ಎಷ್ಟು ಎಂಬ ಪ್ರಶ್ನೆ ಬೇರೆಯೇ ಇದೆ. ಗಿರಾಕಿಯ ವೇಷದಲ್ಲಿ ತಾನೇ ಹೊಗಳಿಕೆ ಬರೆಯುವದನ್ನು ೨೦೨೦ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ಆದರೂ ಬರೆಯುವವರು ಬರೆಯುತ್ತಲೇ ಇದ್ದಾರೆ.

ಹಾಗಾದರೆ ಕೈಬದಲಾಗುವದು ಏನು? ಜಾಲತಾಣದ ಹೆಸರು, ಅಂದರೆ ಡೊಮೇನ್, ಕೈಬದಲಾಗುತ್ತದೆ. ಅಂಗಡಿಯ ಮುದ್ರೆ ನೋಂದಣಿಯಾಗಿದ್ದರೆ ಅದನ್ನೂ ಬರಹದ ಮೂಲಕ ವರ್ಗ ಮಾಡಿಸಿ ಟ್ರೇಡ್ ಮಾರ್ಕ್ ಕಚೇರಿಯ ದಫ್ತರಿನಲ್ಲಿ ಹೆಸರು ಹಚ್ಚಿಸಬಹುದು. ನೋಂದಣಿಗೆ ಬರೀ ಅರ್ಜಿ ಹಾಕಿದ್ದರೆ ಅದನ್ನು ನೋಂದಣಿ ಎಂದು ತಿಳಿಯಬಾರದು. ಫೋಟೋಗಳು, ಪಟ್ಟಿಗಳು, ತಕ್ಕಡಿ, ಪೊಟ್ಟಣ ಮುಚ್ಚುವ ಯಂತ್ರ, ಉಳಿದ ಮಾಲು ಇವೂ ಬರುತ್ತವೆ. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿದೆ, ಅದರ ಮಾತನ್ನು ಮುಂದೆ ಆಡುತ್ತೇವೆ.

ಡೊಮೇನ್ ವಿಷಯದಲ್ಲಿ ನಾವೇ ಪೆಟ್ಟು ತಿಂದವರು. ನಮ್ಮ ಪತ್ರಿಕೆಗೆ ಒಂದು ಜಾಲತಾಣ ಮಾಡಿಕೊಟ್ಟ ಗೃಹಸ್ಥರು ಅದರ ಹೆಸರನ್ನು ತಮ್ಮ ಖಾತೆಯಲ್ಲಿಯೇ ದಾಖಲಿಸಿಕೊಂಡಿದ್ದರು. ಎರಡು ವರ್ಷದ ಮೇಲೆ ಅವರು ಬೇರೆ ಊರಿಗೆ ಹೋದರು, ಫೋನು ಎತ್ತಲಿಲ್ಲ, ಹೆಸರಿನ ಮುದ್ದತು ಮುಗಿಯಿತು. ನಾವು ಹೊಸ ಹೆಸರು ಕೊಂಡು ಓದುಗರಿಗೆಲ್ಲ ಮತ್ತೆ ತಿಳಿಸಬೇಕಾಯಿತು. ಆದ್ದರಿಂದ ಹೆಸರು ಯಾರ ಖಾತೆಯಲ್ಲಿದೆ, ಮುದ್ದತು ಯಾವ ದಿನಕ್ಕೆ ತೀರುತ್ತದೆ, ವರ್ಗಾವಣೆಯ ಗುಪ್ತಸಂಖ್ಯೆ ಯಾರ ಕೈಯಲ್ಲಿದೆ ಎಂಬದನ್ನು ಇಸಾರ ಕೊಡುವ ಮೊದಲೇ ಕಣ್ಣಾರೆ ನೋಡಬೇಕು. ಹೆಸರು ನಮ್ಮ ಖಾತೆಗೆ ಬಂದು ಕುಳಿತ ಮೇಲೆಯೇ ದೊಡ್ಡ ಕಂತನ್ನು ಕೊಡಬೇಕು.

ಫೋನ್ ನಂಬರಿನ ಮಾತು ಚಿಕ್ಕದೆನಿಸಿದರೂ ಚಿಕ್ಕದಲ್ಲ. ನಮ್ಮ ಕಡೆಯ ಇಂಥ ಅಂಗಡಿಗಳಿಗೆ ಅರ್ಧ ಬೇಡಿಕೆ ವಾಟ್ಸ್ಆಪಿನಲ್ಲಿ ಬರುತ್ತದೆ. ಆ ನಂಬರು ಸಾಮಾನ್ಯವಾಗಿ ಮಾರುವವನ ಸ್ವಂತದ್ದೇ ಆಗಿರುತ್ತದೆ. ಬೆಂಗಳೂರಿನಲ್ಲಿರುವ ಒಬ್ಬ ತಾಯಿ ದೀಪಾವಳಿಗೆ ಎರಡು ಕಿಲೋ ಬೇದಾಣೆ ಬೇಕೆಂದು ಯಾವ ನಂಬರಿಗೆ ಬರೆಯುತ್ತಾಳೋ ಆ ನಂಬರೇ ಅಂಗಡಿ. ಅದನ್ನು ಬಿಟ್ಟು ಉಳಿದುದೆಲ್ಲವನ್ನೂ ಕೊಂಡವನು ಬೀಗವನ್ನು ಕೊಂಡು ಕದವನ್ನು ಬಿಟ್ಟು ಬಂದ ಹಾಗೆ. ನಂಬರು ಕಂಪನಿಯ ಕಾಗದದಲ್ಲಿ ಕೊಂಡವನ ಹೆಸರಿಗೆ ಆಗಬೇಕೆಂದು ಕರಾರಿನಲ್ಲಿ ಬರೆಸಬೇಕು.

ಈಗ ಲೆಕ್ಕಕ್ಕೆ ಬರೋಣ. ಆ ಹುಡುಗನು ಮಾರುವವರು ಕೊಟ್ಟ ಒಂದು ಕಾಗದ ತೋರಿಸಿದ. ತಿಂಗಳಿಗೆ ೪೦೦ ಪಾರ್ಸಲು, ಒಂದೊಂದರ ಬೆಲೆ ಸರಾಸರಿ ೪೫೦ ರೂಪಾಯಿ, ಒಟ್ಟು ವ್ಯಾಪಾರ ೧,೮೦,೦೦೦. ಮಾಲಿನ ಖರೀದಿ ೧,೦೦,೦೦೦, ಕೊರಿಯರ್ ೨೪,೦೦೦, ಪೊಟ್ಟಣ-ಡಬ್ಬಿ ೮,೦೦೦. ಉಳಿತಾಯ ತಿಂಗಳಿಗೆ ೪೮,೦೦೦. ಒಂಬತ್ತು ಲಕ್ಷ ಹತ್ತೊಂಬತ್ತು ತಿಂಗಳಲ್ಲಿ ತಿರುಗಿ ಬರುತ್ತದೆಂದು ಕಾಗದದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಕಾಗದದಲ್ಲಿ ಬರೆಯದೆ ಬಿಟ್ಟದ್ದನ್ನು ನಾವು ಒಂದೊಂದಾಗಿ ಕೇಳಿದೆವು. ಹುಡುಗ ಫೋನು ಹಚ್ಚಿ ಮಾರುವವರಿಂದ ಉತ್ತರ ತಂದ. ನಾನೂರು ಪಾರ್ಸಲಿನಲ್ಲಿ ಸುಮಾರು ಅರವತ್ತು ತಿರುಗಿ ಬರುತ್ತವೆ. ಮನೆಗೆ ಬಂದಾಗ ಹಣ ಕೊಡುತ್ತೇವೆಂದವರು ಬಾಗಿಲು ತೆಗೆಯುವದಿಲ್ಲ, ಇಲ್ಲವೆ ಬೇಡವೆನ್ನುತ್ತಾರೆ. ಇದಕ್ಕೆ ವ್ಯಾಪಾರದವರು ಆರ್.ಟಿ.ಓ. ಎನ್ನುತ್ತಾರೆ. ಗಾಡಿಗಳ ಕಚೇರಿಯಲ್ಲ, ಕಳಿಸಿದವನಿಗೇ ತಿರುಗಿ ಬಂದ ಗಂಟು ಎಂದರ್ಥ. ಅಂದ ಮೇಲೆ ನಿಜವಾದ ಮಾರಾಟ ೩೪೦ ಪಾರ್ಸಲು, ೧,೫೩,೦೦೦ ರೂಪಾಯಿ. ಮಾಲಿನ ಬೆಲೆ ೮೫,೦೦೦. ಕೊರಿಯರ್ ಮಾತ್ರ ನಾನೂರಕ್ಕೂ ಕೊಡಲೇಬೇಕು, ೨೪,೦೦೦. ಡಬ್ಬಿಯದೂ ಹಾಗೆಯೇ, ೮,೦೦೦. ತಿರುಗಿ ಬರುವ ಅರವತ್ತಕ್ಕೆ ಮತ್ತೆ ಬಾಡಿಗೆ ೩,೦೦೦. ಫೋನಿನಲ್ಲಿ ಜಾಹೀರಾತು ೧೪,೦೦೦. ತಾಣದ ಬಾಡಿಗೆ, ಹಣ ಸಂದಾಯದ ಕಮಿಶನ್ ೪,೦೦೦. ಒಟ್ಟು ಖರ್ಚು ೧,೩೮,೦೦೦. ಉಳಿದದ್ದು ೧೫,೦೦೦.

ಇದರಲ್ಲಿ ತೆರಿಗೆಯನ್ನು ಇನ್ನೂ ಎಣಿಸಿಲ್ಲ. ತಿರುಗಿ ಬಂದ ಚಟ್ನಿಯ ಡಬ್ಬಿ ಒಡೆಯದೆ, ಕಡಕ್ ರೊಟ್ಟಿ ಪುಡಿಯಾಗದೆ ಬಂತೆಂದೇ ಹಿಡಿದಿದ್ದೇವೆ. ಮುಖ್ಯವಾಗಿ, ಮುಂಜಾನೆಯಿಂದ ರಾತ್ರಿಯ ತನಕ ಪೊಟ್ಟಣ ಕಟ್ಟುವ ಗಂಡ-ಹೆಂಡತಿಯ ಕೂಲಿಯನ್ನು ಯಾರೂ ಬರೆದಿಲ್ಲ. ಕಬ್ಬಿನ ಲೆಕ್ಕದಲ್ಲಿ ಮನೆಯವರ ದುಡಿತ ಬಿಟ್ಟು ಲಾಭ ಹೇಳುವ ಹಳೆಯ ಚಾಳಿ ಇಲ್ಲಿಯೂ ಬಂದಿದೆ. ಇಬ್ಬರ ಕೂಲಿ ಹಿಡಿದರೆ ಆ ಹದಿನೈದು ಸಾವಿರ ಉಳಿಯುವದಿಲ್ಲ. ಹಾಗಾದರೆ ಒಂಬತ್ತು ಲಕ್ಷ ಕೊಟ್ಟು ಕೊಳ್ಳುತ್ತಿರುವದು ಅಂಗಡಿಯನ್ನಲ್ಲ, ಇಬ್ಬರಿಗೆ ಒಂದು ನೌಕರಿಯನ್ನು. ನೌಕರಿಗೆ ಹೊಲ ಮಾರಬೇಕೇ ಎಂದು ಕೇಳಿದಾಗ ಹಿರಿಯರು ಮಗನ ಮುಖ ನೋಡಿದರು. ಹುಡುಗ ಸುಮ್ಮನಿದ್ದ. ಅವನನ್ನು ನಾಚಿಸಬೇಕೆಂಬದು ನಮ್ಮ ಉದ್ದೇಶವಾಗಿರಲಿಲ್ಲ. ಬಿ.ಕಾಂ. ಓದಿದರೂ ಇನ್ನೊಬ್ಬರು ಬರೆದುಕೊಟ್ಟ ಜಮಾಖರ್ಚನ್ನು ಬಿಡಿಸುವದು ಅನುಭವದ ಕೆಲಸ.

ಲೆಕ್ಕ ನೋಡುವಾಗ ಫೋನಿನ ಪರದೆಯ ಚಿತ್ರಗಳನ್ನು ನಂಬಬಾರದು. ಚಿತ್ರವನ್ನು ತಿದ್ದುವದು ಈಗ ಮಕ್ಕಳಾಟ. ಮಾರುವವನು ತಮ್ಮ ಎದುರಿಗೆ ಕುಳಿತು ತಾನೇ ಖಾತೆ ತೆರೆದು ತೋರಿಸಬೇಕು. ಎರಡು ವರ್ಷದ ಬ್ಯಾಂಕ್ ಉತಾರೆ ಬೇಕು. ಅದೇ ಎರಡು ವರ್ಷದ ಜಿ.ಎಸ್.ಟಿ. ವಿವರಣಪತ್ರಗಳು ಬೇಕು. ಈ ಮೂರನ್ನೂ ತಿಂಗಳುವಾರು ಮಗ್ಗುಲಲ್ಲಿಟ್ಟು ತಾಳೆ ನೋಡಬೇಕು. ಅಂಕಿಗಳು ರೂಪಾಯಿಗೆ ರೂಪಾಯಿ ಕೂಡಲಾರವು, ಆದರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತಿರಬೇಕು.

"ತೆರಿಗೆ ತಪ್ಪಿಸಲು ಕಡಿಮೆ ತೋರಿಸಿದ್ದೇನೆ, ನಿಜವಾದ ವ್ಯಾಪಾರ ಇದರ ಎರಡು ಪಟ್ಟು" ಎಂದು ಮಾರುವವನು ಕಿವಿಯಲ್ಲಿ ಹೇಳುವದುಂಟು. ಕೇಳಿದವರಿಗೆ ಅದು ಖುಷಿಯ ಸುದ್ದಿಯಾಗಿ ಕಾಣುತ್ತದೆ. ೨೦೧೭ರ ಜಿ.ಎಸ್.ಟಿ. ಕಾಯ್ದೆಯ ೮೫ನೆಯ ಕಲಮನ್ನು ಓದಿದವರಿಗೆ ಹಾಗೆ ಕಾಣುವದಿಲ್ಲ. ವ್ಯಾಪಾರವನ್ನು ಒಬ್ಬನು ಇನ್ನೊಬ್ಬನಿಗೆ ವರ್ಗ ಮಾಡಿದರೆ, ವರ್ಗವಾದ ದಿನದ ತನಕದ ತೆರಿಗೆ, ಬಡ್ಡಿ, ದಂಡಗಳಿಗೆ ಕೊಟ್ಟವನೂ ಕೊಂಡವನೂ ಇಬ್ಬರೂ ಹೊಣೆ. ಆ ಬಾಕಿಯನ್ನು ಮಾರಾಟದ ಹಿಂದೆಯೇ ಗೊತ್ತು ಮಾಡಿರಲಿ, ಮಾರಾಟವಾದ ಮೇಲೆ ಗೊತ್ತು ಮಾಡಲಿ, ಹೊಣೆ ತಪ್ಪುವದಿಲ್ಲ. ಹಳೆಯ ಧಣಿಯ ಪಾಪ ಹೊಸ ಧಣಿಯ ಹೆಗಲಿಗೆ ಕಾಯ್ದೆಯ ಮೂಲಕವೇ ಬರುತ್ತದೆ. ಆದ್ದರಿಂದ ಕಿವಿಮಾತಿನ ವ್ಯಾಪಾರಕ್ಕೆ ಬೆಲೆ ಕಟ್ಟಬಾರದು, ಬರೆದು ತೋರಿಸಿದ ವ್ಯಾಪಾರಕ್ಕೆ ಮಾತ್ರ ಕಟ್ಟಬೇಕು.

ಗಡಿಯಾಚೆಯ ನಮಗೆ ಇನ್ನೊಂದು ತೊಡಕಿದೆ. ಜಿ.ಎಸ್.ಟಿ. ನಂಬರಿನ ಮೊದಲ ಎರಡು ಅಂಕಿಗಳು ರಾಜ್ಯವನ್ನು ಹೇಳುತ್ತವೆ. ಕರ್ನಾಟಕಕ್ಕೆ ೨೯, ಮಹಾರಾಷ್ಟ್ರಕ್ಕೆ ೨೭. ಆಮೇಲಿನ ಹತ್ತು ಅಕ್ಷರ ಧಣಿಯ ಪ್ಯಾನ್ ನಂಬರು. ವಿಜಯಪುರದ ೨೯ರ ನಂಬರು ಜತ್ತದ ಹುಡುಗನಿಗೆ ಯಾವ ಕೆಲಸಕ್ಕೂ ಬಾರದು, ತನ್ನ ಹೆಸರಿನಲ್ಲಿ ೨೭ರದ್ದನ್ನು ತೆಗೆಯಬೇಕು. ತೆರಿಗೆಯುಳ್ಳ ಮಾಲನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವ ವ್ಯಾಪಾರಿಗೆ ವಹಿವಾಟು ಚಿಕ್ಕದೆಂಬ ರಿಯಾಯತಿ ಸಿಕ್ಕುವದಿಲ್ಲ. ಆ ಅಂಗಡಿಯ ಗಿರಾಕಿಗಳು ಬಹುತೇಕ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯವರು. ಇಷ್ಟು ದಿನ ಊರೊಳಗಿನ ಮಾರಾಟವಾಗಿದ್ದದ್ದು ಜತ್ತಕ್ಕೆ ಬಂದ ಕೂಡಲೆ ಅಂತರರಾಜ್ಯ ಮಾರಾಟವಾಗುತ್ತದೆ. ನಮ್ಮ ಮನೆಯಿಂದ ವಿಜಯಪುರದ ಬಸ್ಸಿಗೆ ಕುಳಿತವನಿಗೆ ಗಡಿ ಯಾವಾಗ ದಾಟಿತೆಂದು ತಿಳಿಯುವದಿಲ್ಲ, ಕಾಗದಕ್ಕೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ರೈತನಿಗೆ ಇಲ್ಲಿ ಒಂದು ಅನುಕೂಲವಿರುವದನ್ನೂ ಹೇಳಬೇಕು. ತನ್ನ ಹೊಲದಲ್ಲಿ ತಾನು ಬೆಳೆದದ್ದನ್ನು ಮಾರುವ ಒಕ್ಕಲಿಗನು ಅಷ್ಟರಮಟ್ಟಿಗೆ ನೋಂದಣಿ ಮಾಡಿಸಬೇಕಾಗಿಲ್ಲ. ಒಣಗಿಸಿದ ಬೇದಾಣೆ ಬೆಳೆಯೋ ತಯಾರಿಕೆಯೋ ಎಂಬ ವಾದ ಬಹಳ ದಿನ ನಡೆದಿತ್ತು. ೨೦೨೪ರ ಡಿಸೆಂಬರದಲ್ಲಿ ಕೂಡಿದ ಜಿ.ಎಸ್.ಟಿ. ಮಂಡಳಿಯ ೫೫ನೆಯ ಸಭೆಯು, ಬೆಳೆಗಾರನೇ ಮಾರುವ ಬೇದಾಣೆಗೆ ತೆರಿಗೆಯಿಲ್ಲವೆಂದು ಸ್ಪಷ್ಟಪಡಿಸಿತು. ಆದರೆ ನೆರೆಯವರ ಬೇದಾಣೆ ಕೊಂಡು, ಮಹಿಳಾ ಗುಂಪಿನ ಚಟ್ನಿ ತಂದು ಮಾರಲಾರಂಭಿಸಿದ ದಿನದಿಂದ ಅವನು ವ್ಯಾಪಾರಿಯೇ ಸರಿ. ಅಂಗಡಿ ಕೊಳ್ಳುವದೆಂದರೆ ಆ ಗೆರೆಯನ್ನು ದಾಟುವದು.

ಇನ್ನು ಮೇಲೆ ಹೇಳಿದ ಆ ಬೆಲೆಯುಳ್ಳ ವಸ್ತು. ಅದು ಮತ್ತೆ ಮತ್ತೆ ಬರುವ ಗಿರಾಕಿ. ಜಾಲತಾಣವನ್ನು ಕೆಲವೇ ಸಾವಿರದಲ್ಲಿ ಹೊಸದಾಗಿ ಮಾಡಿಸಬಹುದು, ಪರವಾನಿಗೆಯನ್ನು ಹೊಸದಾಗಿ ತೆಗೆಯಲೇಬೇಕು, ಮಾಲಂತೂ ನಮ್ಮ ಹೊಲದಲ್ಲಿಯೇ ಇದೆ. ಒಮ್ಮೆ ಕೊಂಡು, ತಿಂದು, ಮೆಚ್ಚಿ, ಯಾರೂ ಕರೆಯದೆ ಮತ್ತೆ ಕೇಳಿ ಬರುವ ಮನೆಗಳು ಮಾತ್ರ ಮೂರು ವರ್ಷದ ದುಡಿತವಿಲ್ಲದೆ ಸಿಕ್ಕುವದಿಲ್ಲ. ಕೊಡುವದಾದರೆ ಅದಕ್ಕೇ ಹಣ ಕೊಡಬೇಕು.

ಎಷ್ಟು ಮನೆಗಳೆಂಬದನ್ನು ಎಣಿಸಬಹುದು. ಎರಡು ವರ್ಷದ ಎಲ್ಲ ಬೇಡಿಕೆಗಳ ಯಾದಿಯನ್ನು ಕೇಳಿರಿ. ಹೆಸರು, ಪತ್ತೆ ಬೇಡ, ತಾರೀಖು, ಮೊತ್ತ, ಫೋನಿನ ಕೊನೆಯ ಐದು ಅಂಕಿ ಇಷ್ಟಿದ್ದರೆ ಸಾಕು. ಅದೇ ಐದು ಅಂಕಿ ವರ್ಷದೊಳಗೆ ಎರಡನೆಯ ಸಲ, ಮೂರನೆಯ ಸಲ ಬಂದಿದೆಯೇ ನೋಡಿರಿ. ನೂರು ಗಿರಾಕಿಗಳಲ್ಲಿ ಮೂವತ್ತು-ನಲವತ್ತು ಜನ ತಿರುಗಿ ಬಂದಿದ್ದರೆ ಅಂಗಡಿಯಲ್ಲಿ ಜೀವವಿದೆ. ಹತ್ತು ಜನ ಬಂದಿದ್ದರೆ ಅದು ಜಾಹೀರಾತಿನ ಹಣದಿಂದ ಓಡುತ್ತಿರುವ ಗಾಡಿ, ಹಣ ನಿಂತರೆ ಗಾಲಿ ನಿಲ್ಲುತ್ತದೆ. ಇದು ಶಾಸ್ತ್ರವಾಕ್ಯವಲ್ಲ, ನಮ್ಮ ಅಂದಾಜು. ತಿನ್ನುವ ಮಾಲಿಗೆ ಇಷ್ಟಾದರೂ ಇರಬೇಕೆಂದು ನಮಗೆ ತೋರುತ್ತದೆ.

ಬಾವಿಯಿರುವ ಹೊಲ ಕೊಳ್ಳುವವನು ಭಾದ್ರಪದದಲ್ಲಿ ಬಾವಿ ನೋಡಿ ಮರುಳಾಗುವದಿಲ್ಲ. ವೈಶಾಖದಲ್ಲಿ ಬಂದು, ರಾತ್ರಿಯೆಲ್ಲ ಪಂಪು ಹಚ್ಚಿ ನೀರು ತೆಗೆಸಿ, ಮುಂಜಾನೆ ಎಷ್ಟು ಏರಿದೆಯೆಂದು ಸೆಲೆ ನೋಡುತ್ತಾನೆ. ಇಲ್ಲಿಯೂ ಅದನ್ನೇ ಮಾಡಬೇಕು. ಹದಿನೈದು ದಿನ ಜಾಹೀರಾತು ನಿಲ್ಲಿಸಿರೆಂದು ಮಾರುವವನಿಗೆ ಹೇಳಿರಿ. ಆ ದಿನಗಳ ನಷ್ಟವನ್ನು ಬೇಕಾದರೆ ನೀವೇ ತುಂಬಿಕೊಡಿರಿ, ಒಂಬತ್ತು ಲಕ್ಷದ ಮುಂದೆ ಅದು ದೊಡ್ಡದಲ್ಲ. ಆಗಲೂ ಬರುವ ಬೇಡಿಕೆಯೇ ಆ ಅಂಗಡಿಯ ಸೆಲೆ. ಕಾಲವನ್ನೂ ಗಮನಿಸಬೇಕು. ಬೇದಾಣೆಗೆ ದಸರೆ-ದೀಪಾವಳಿ ಮತ್ತು ರಮಜಾನ ಸುಗ್ಗಿ. ಹಬ್ಬ ಮುಗಿದ ಮರುತಿಂಗಳು ಮಾರಾಟಕ್ಕೆ ಬಂದ ಅಂಗಡಿಯ ಕೊನೆಯ ಮೂರು ತಿಂಗಳ ಲೆಕ್ಕ ಯಾವಾಗಲೂ ಚೆಂದವಾಗಿರುತ್ತದೆ. ಆಷಾಢದ ಲೆಕ್ಕ ಕೇಳಿರಿ.

ಗಿರಾಕಿಗಳ ಹೆಸರು, ಫೋನುಗಳ ಯಾದಿಯನ್ನು ಕೈಬದಲಿಸುವಾಗಲೂ ಎಚ್ಚರ ಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ೨೦೨೩ರಲ್ಲಿ ಕಾಯ್ದೆಯಾಗಿದೆ, ಅದರ ನಿಯಮಗಳು ೨೦೨೫ರ ನವೆಂಬರದಲ್ಲಿ ಹೊರಟು ಹಂತಹಂತವಾಗಿ ಜಾರಿಯಾಗುವಂತೆ ಇವೆ. ಹಳೆಯ ಧಣಿಯೇ ತನ್ನ ಗಿರಾಕಿಗಳಿಗೆಲ್ಲ "ಇನ್ನು ಮೇಲೆ ಅಂಗಡಿಯನ್ನು ಇಂಥವರು ನೋಡಿಕೊಳ್ಳುತ್ತಾರೆ, ನಿಮ್ಮ ಒಪ್ಪಿಗೆಯಿದ್ದರೆ ನಿಮ್ಮ ನಂಬರು ಅವರಿಗೆ ಕೊಡುತ್ತೇನೆ" ಎಂದು ಪತ್ರ ಬರೆಯುವದು ನ್ಯಾಯವೂ ಹೌದು, ವ್ಯಾಪಾರಕ್ಕೆ ಒಳ್ಳೆಯದೂ ಹೌದು. ಗಿರಾಕಿಗೆ ಹೊಸಬನ ಪರಿಚಯವಾಗುತ್ತದೆ.

ಮಾಲು ಕೊಡುವವರನ್ನು ಮರೆಯಬಾರದು. ಆ ಅಂಗಡಿಯ ಹೆಸರು ನಡೆದದ್ದು ಚಟ್ನಿಯಿಂದ. ಚಟ್ನಿ ಕುಟ್ಟುವವರು ಒಂದು ಹಳ್ಳಿಯ ಏಳೆಂಟು ಹೆಣ್ಣುಮಕ್ಕಳು. ಅವರು ಹಳೆಯ ಧಣಿಯ ಹೆಂಡತಿಯ ತವರಿನವರೆಂದು ಮಾತಿನಲ್ಲಿ ತಿಳಿಯಿತು. ನಾಳೆ ಅವರು "ಅಕ್ಕಾರು ಹೇಳಿದ್ರ ಕೊಡತೇವಿ, ಇಲ್ಲಾಂದ್ರ ಇಲ್ಲ" ಎಂದರೆ ಮುಗಿಯಿತು. ಹುಡುಗ ಆ ಊರಿಗೆ ಹೋಗಿ, ಅವರ ಅಂಗಳದಲ್ಲಿ ಕುಳಿತು, ದರ ಮತ್ತು ಉದ್ರಿಯ ಮಾತು ಮುಗಿಸಿಕೊಂಡು ಬರಬೇಕು. ಡಬ್ಬಿಗಳ ಮೇಲಿನ ಬರಹವನ್ನೂ ಬದಲಿಸಬೇಕಾಗುತ್ತದೆ. ತಯಾರಿಸಿದವರ ಅಥವಾ ಕಟ್ಟಿದವರ ಹೆಸರು-ಪತ್ತೆ, ತೂಕ, ಬೆಲೆ, ತಿಂಗಳು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಇರಲೇಬೇಕೆಂಬದು ತೂಕ-ಅಳತೆಯ ನಿಯಮ. ಅದರ ಜೊತೆಗೆ ಕನ್ನಡವನ್ನು ಹಾಕಲು ಯಾವ ಅಡ್ಡಿಯೂ ಇಲ್ಲ. ದಯಮಾಡಿ ಹಾಕಿರಿ.

ಮಾರಿದವನೇ ಮೂರು ತಿಂಗಳಲ್ಲಿ ಬೇರೆ ಹೆಸರಿನಿಂದ ಮತ್ತೆ ಬೇದಾಣೆ ಮಾರಲಾರಂಭಿಸಿದರೆ ಏನು ಮಾಡುವದು? ೧೮೭೨ರ ಕರಾರು ಕಾಯ್ದೆಯ ೨೭ನೆಯ ಕಲಮು, ಒಬ್ಬನಿಗೆ ಧಂದೆ ಮಾಡಬೇಡವೆನ್ನುವ ಕರಾರು ರದ್ದೆಂದು ಹೇಳುತ್ತದೆ. ಆದರೆ ವ್ಯಾಪಾರದ ಹೆಸರು-ಕೀರ್ತಿಯನ್ನು ಮಾರಿದವನಿಗೆ ಮಾತ್ರ ಒಂದು ಅಪವಾದವಿದೆ. ಗೊತ್ತುಪಡಿಸಿದ ಸ್ಥಳಗಳ ಮಿತಿಯೊಳಗೆ ಅಂಥದೇ ಧಂದೆ ಮಾಡುವದಿಲ್ಲವೆಂದು ಅವನು ಬರೆದುಕೊಡಬಹುದು, ಮಿತಿ ನ್ಯಾಯವಾದದ್ದೆಂದು ಕೋರ್ಟಿಗೆ ತೋರಬೇಕು. ಕಾಯ್ದೆ ಬರೆದವರ ಕಾಲದಲ್ಲಿ ಅಂಗಡಿಗೆ ಬೀದಿಯಿತ್ತು, ಪೇಟೆಯಿತ್ತು. ಫೋನಿನ ಅಂಗಡಿಗೆ ಇಡೀ ದೇಶವೇ ಪೇಟೆ. ಆದ್ದರಿಂದ 'ಎಲ್ಲಿಯೂ ಮಾಡತಕ್ಕದ್ದಲ್ಲ' ಎಂದು ಬರೆಸದೆ, ಗಿರಾಕಿಗಳು ಹೆಚ್ಚಾಗಿರುವ ಜಿಲ್ಲೆಗಳ ಹೆಸರು ಹಾಕಿ, ಇಂಥಿಂಥ ಮಾಲು, ಇಷ್ಟು ವರ್ಷ ಎಂದು ಬರೆಸುವದು ಒಳಿತು. ಇದಕ್ಕೆ ವಕೀಲರ ಫೀ ಕೊಡಲು ಹಿಂದೆಗೆಯಬಾರದು. ಅರ್ಜಿ ಬರೆಯುವವನಿಂದ ಬರೆಸಿದ ಕರಾರು ಸಾಲದು.

ಹಣವನ್ನು ಒಂದೇ ಗಂಟಿನಲ್ಲಿ ಕೊಡಕೂಡದು. ಹೆಸರು, ನಂಬರು, ತಾಣ ಕೈಗೆ ಬಂದಾಗ ಅರ್ಧ. ಹಳೆಯ ಧಣಿ ಎರಡು-ಮೂರು ತಿಂಗಳು ಜೊತೆಗಿದ್ದು ಕಲಿಸಿದ ಮೇಲೆ ಸ್ವಲ್ಪ. ಉಳಿದದ್ದು ವರ್ಷ ತುಂಬಿದ ಮೇಲೆ, ಹಳೆಯ ಗಿರಾಕಿಗಳು ಬಂದರೆ, ಹಳೆಯ ತೆರಿಗೆಯ ನೋಟೀಸು ಬಾರದಿದ್ದರೆ. ಉಳಿದ ಮಾಲನ್ನು ಬೆಲೆಯಲ್ಲಿ ಸೇರಿಸದೆ, ತೂಗಿ, ಮೂಸಿ, ತಾರೀಖು ನೋಡಿ ಬೇರೆ ಲೆಕ್ಕ ಮಾಡಬೇಕು. ಮಳೆಗಾಲದ ತಂಪಿಗೆ ಕಪ್ಪಾದ ಬೇದಾಣೆಯನ್ನು ಜತ್ತದವರಿಗೆ ತೋರಿಸಿ ಮೋಸ ಮಾಡುವದು ಸಾಧ್ಯವಿಲ್ಲವೆಂದು ನಮಗೆ ಧೈರ್ಯವಿದೆ. ಈ ಕಂತಿನ ಏರ್ಪಾಡಿಗೆ ಒಪ್ಪದ ಮಾರಾಟಗಾರನಿಗೆ ತನ್ನ ಅಂಗಡಿಯ ಮೇಲೆ ತನಗೇ ಭರವಸೆಯಿಲ್ಲವೆಂದು ತಿಳಿಯಲು ಅಡ್ಡಿಯಿಲ್ಲ.

ಹೊಲದ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ, ಮುಚ್ಚಿಡುವದಿಲ್ಲ. ಫೋನಿನ ಅಂಗಡಿಗಾಗಿ ಭೂಮಿ ಮಾರಬಾರದು. ಒಂದು ಕೆಟ್ಟ ಡಬ್ಬಿಯಿಂದ, ಒಂದು ತಾಣದ ಹೊಸ ನಿಯಮದಿಂದ ಆ ಅಂಗಡಿ ವಾರದಲ್ಲಿ ಇಲ್ಲವಾಗಬಹುದು. ಎರಡು ಎಕರೆ ಜೋಳದ ಹೊಲ ಬರಗಾಲದಲ್ಲಿಯೂ ಅಲ್ಲಿಯೇ ಇರುತ್ತದೆ. ಒಂದು ವರ್ಷದ ಬೇದಾಣೆಯ ಉಳಿತಾಯದೊಳಗೆ ಕೂಡುವಷ್ಟು ಬೆಲೆಗೆ ಅಂಗಡಿ ಸಿಕ್ಕರೆ ಕೊಳ್ಳಲಿ. ಸಿಕ್ಕದಿದ್ದರೆ ಹುಡುಗನು ತನ್ನ ತೋಟದ ಬೇದಾಣೆ ಒಂದನ್ನೇ ಹಿಡಿದು, ಬೆಂಗಳೂರು-ಪುಣೆಗಳಲ್ಲಿರುವ ನಮ್ಮವರ ಐವತ್ತು ಮನೆಗಳಿಂದ ತಾನೇ ಆರಂಭಿಸಲಿ. ನಿಧಾನವಾಗುತ್ತದೆ, ಹೌದು. ದ್ರಾಕ್ಷಿಯ ಬಳ್ಳಿಯೂ ನೆಟ್ಟ ವರ್ಷ ಹಣ್ಣು ಕೊಡುವದಿಲ್ಲ.

ಹುಡುಗ ಜಾಣ. ಮರುದಿನವೇ ವಿಜಯಪುರಕ್ಕೆ ಹೋಗಿ ಬೇಡಿಕೆಗಳ ಯಾದಿ ಕೇಳಿದ್ದಾನೆ, ಹದಿನೈದು ದಿನ ಜಾಹೀರಾತು ನಿಲ್ಲಿಸುವ ಮಾತನ್ನೂ ಎತ್ತಿದ್ದಾನೆ. ಯಾದಿ ಕೊಡುತ್ತೇನೆಂದು ಮಾರುವವರು ಒಪ್ಪಿದ್ದಾರೆ. ಜಾಹೀರಾತಿನ ವಿಷಯ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದ ಅವರಿಂದ ಈ ಸಂಚಿಕೆ ಅಚ್ಚಿಗೆ ಹೋಗುವ ತನಕ ಉತ್ತರ ಬಂದಿಲ್ಲ. ಹೊಲದ ಇಸಾರವನ್ನು ಹಿರಿಯರು ಸದ್ಯಕ್ಕೆ ತಡೆದಿದ್ದಾರೆ.